ಯಾವ ಕಾಯಿಲೆಯಿಂದ ಯಾವ ಕಾಯಿಲೆ? ವೈದ್ಯಕೀಯ ಲೇಖನಗಳಿಂದ ಹೆಕ್ಕಿ ತೆಗೆಯುವ ಬಗೆ

ವೈದ್ಯಕೀಯ ಲೇಖನಗಳ ಆನ್‌ಲೈನ್ ಕೋಶವಾದ ಪಬ್‌ಮೆಡ್‌ನಲ್ಲಿ 3.5 ಕೋಟಿಗೂ ಜಾಸ್ತಿ ಲೇಖನಗಳ ವಿವರ ಇದೆ. ಸುಮ್ನೆ ಎಲ್ಲವನ್ನೂ ಇಳಿಸಿಕೊಳ್ಳಬೇಡಿ. ಒಂದು ಕಾಯಿಲೆ ಹಿಡಿದು, ಅದರ ಸಾರಾಂಶಗಳನ್ನಷ್ಟೇ ತಗೊಂಡು, ವಾಕ್ಯ ವಾಕ್ಯವಾಗಿ ಬಿಡಿಸಿ.

ಆಮೇಲೆ ಕಾಯಿಲೆಗಳ ಹೆಸರು ಗುರುತಿಸಿ, ಯುಎಂಎಲ್‌ಎಸ್ ಅಥವಾ ಮೆಶ್ ಎಂಬ ವೈದ್ಯಕೀಯ ಪದಪಟ್ಟಿಯ ಸಂಕೇತಕ್ಕೆ ಹೊಂದಿಸಿ. ‘ಡಿಎಂ’ ಅಂದರೆ ಡಯಾಬಿಟಿಸ್ ಅಂತ ತಾನೇ ಅಂದುಕೊಳ್ಳುತ್ತೇವೆ? ಚರ್ಮರೋಗದ ಲೇಖನದಲ್ಲಿ ಅದೇ ಡರ್ಮಟೊಮಯೋಸೈಟಿಸ್ (ಚರ್ಮ, ಸ್ನಾಯುಗಳ ಉರಿಯೂತ) ಆಗಿರಬಹುದು, ಹುಷಾರು.

ನಿಜವಾದ ಕಷ್ಟ ಮುಂದಿದೆ. ಎರಡು ಕಾಯಿಲೆ ಒಂದೇ ವಾಕ್ಯದಲ್ಲಿ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ, ಅಲ್ವಾ? ‘ಹೆಪಟೈಟಿಸ್ ಬಿ ಇಂದ ಲಿವರ್ ಕ್ಯಾನ್ಸರ್ ಬರುತ್ತದೆ’ ಅನ್ನುವುದು ಕಾರಣ. ‘ಖಿನ್ನತೆ ಇರುವವರಲ್ಲಿ ಮಧುಮೇಹ ಜಾಸ್ತಿ ಕಂಡಿತು’ ಅನ್ನುವುದು ಬರೀ ನಂಟು. ಹಾಗಾಗಿ ಕೆಲವು ನೂರು ವಾಕ್ಯಗಳಿಗಾದರೂ ಕಾರಣ, ನಂಟು, ಅಲ್ಲಗಳೆತ (‘ಸಂಬಂಧ ಇಲ್ಲ’ ಅನ್ನುವ ವಾಕ್ಯ) ಎಂದು ಕೈಯಾರೆ ಗುರುತು ಹಾಕಿ, ಯಾವುದರಿಂದ ಯಾವುದು ಅನ್ನುವ ದಿಕ್ಕನ್ನೂ ಬರೆದು, ಆಮೇಲೆ ವೈದ್ಯಕೀಯ ಬರಹ ಓದಿಸಿ ತಯಾರಿಸಿದ ಬಯೋಬರ್ಟ್‌ನಂಥ ಕಂಪ್ಯೂಟರ್ ಭಾಷಾ ಮಾದರಿಗೆ ಕಲಿಸಿ. ಇಬ್ಬರು ಬೇರೆ ಬೇರೆಯಾಗಿ ಗುರುತು ಹಾಕಿದರೆ ಇನ್ನೂ ಒಳ್ಳೆಯದು. ಅವರು ಪರಸ್ಪರ ಒಪ್ಪದ ವಾಕ್ಯಗಳಲ್ಲೇ ನಾವು ಕಲಿಯುವುದು ಜಾಸ್ತಿ.

ಸಿಕ್ಕ ಪ್ರತಿ ಜೋಡಿಯ ಜೊತೆ ಮೂಲ ವಾಕ್ಯ, ಲೇಖನದ ಪಬ್‌ಮೆಡ್ ಸಂಖ್ಯೆ ಎರಡನ್ನೂ ಉಳಿಸಿಕೊಳ್ಳಿ. ಇಲ್ಲದಿದ್ದರೆ ವೈದ್ಯರು ‘ಇದು ಎಲ್ಲಿಂದ ಬಂತು?’ ಅಂದಾಗ ತೋರಿಸಲು ಏನೂ ಇರುವುದಿಲ್ಲ.