ಕೀಮೋ ನಡುವೆ ಅಣಬೆ ಸಾರ: ಡಬ್ಬಿ ತೆರೆಯುವ ಮುನ್ನ

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಸಾಕು, ಮೊಬೈಲಿಗೆ ಸಲಹೆಗಳು ಬಂದು ಬೀಳತೊಡಗುತ್ತವೆ. ಅವುಗಳಲ್ಲಿ ಈಚೆಗೆ ತಪ್ಪದೆ ಕಾಣಿಸುವುದು ಔಷಧೀಯ ಅಣಬೆ: ರೇಶಿ, ಟರ್ಕಿ ಟೇಲ್, ಚಾಗಾ, ಶಿಟಾಕೆ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಉಂಡು ಬೆಳೆದ ಕೊಡಗಿನವರಿಗೆ ಕಾಡಿನ ವಸ್ತುಗಳಲ್ಲಿ ಗುಣವಿದೆ ಎಂದು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಅದೇ ಪಾಯಸ ಇನ್ನೊಂದನ್ನೂ ತೋರಿಸಿಕೊಡುತ್ತದೆ. ಉಂಡ ಮೇಲೆ ಮೂತ್ರ ಕೆಂಪಾಗುತ್ತದೆ. ತಿಂದದ್ದು ರಕ್ತ ಸೇರಿ, ಕಿಡ್ನಿ ದಾಟಿ ಹೊರಬಂದಿದೆ ಎಂದರ್ಥ. ಅಣಬೆ ಸಾರದ ಹಲವು ಅಂಶಗಳೂ ಇದೇ ದಾರಿ ಹಿಡಿಯುತ್ತವೆ. ಕೀಮೋ ಔಷಧಿಯೂ ಆ ದಾರಿಯಲ್ಲೇ ಇರುತ್ತದೆ. ಎರಡೂ ಎದುರಾದಾಗ ಏನಾಗುತ್ತದೆ ಎಂಬುದನ್ನು ಡಬ್ಬಿ ತೆರೆಯುವ ಮೊದಲೇ ವಿಚಾರಿಸಬೇಕು.

ಏನನ್ನು ನಿರೀಕ್ಷಿಸಬಹುದು?

ಅಣಬೆಯ ಮಾತಿಗೆ ಆಧಾರವೇ ಇಲ್ಲ ಎಂದು ತಳ್ಳಿಹಾಕುವಂತಿಲ್ಲ. ಟರ್ಕಿ ಟೇಲ್‌ನಿಂದ ತೆಗೆದ ಪಿಎಸ್‌ಕೆ ಎಂಬ ಸಾರಕ್ಕೆ ಜಪಾನಿನಲ್ಲಿ 1977ರಲ್ಲೇ ಔಷಧಿಯಾಗಿ ಮಾನ್ಯತೆ ದೊರೆಯಿತು. ಜಠರ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವರಿಗೆ ಅದನ್ನು ಕೀಮೋ ಜೊತೆಗೆ ಕೊಟ್ಟರು. ಶಿಟಾಕೆಯಿಂದ ತಯಾರಾದ ಲೆಂಟಿನಾನ್ ಅಲ್ಲಿ ಚುಚ್ಚುಮದ್ದಾಗಿ ಬಳಕೆಗೆ ಬಂತು. ರೇಶಿಯ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಪರಿಶೀಲನೆಯೂ ಇದೆ: ಅದನ್ನು ಮುಖ್ಯ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಆಧಾರವಿಲ್ಲ, ಕೀಮೋ ಅಥವಾ ವಿಕಿರಣದ ಜೊತೆಗೆ ಪೂರಕವಾಗಿ ಪರಿಗಣಿಸಬಹುದು ಎಂಬುದು ಅದರ ತೀರ್ಮಾನ. ಅಲ್ಲಿ ಪರಿಗಣಿಸಿದ ಪ್ರಯೋಗಗಳೂ ಕೆಲವೇ, ಸಣ್ಣವು.

ಪೂರಕ ಎಂದರೆ ಪೂರಕ. ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವ ಒಂದು ದಿನವನ್ನು ಅಣಬೆಯ ಮೇಲಿನ ಭರವಸೆಯಿಂದ ಮುಂದೂಡುವುದು ಜೀವಕ್ಕೇ ಎರವಾಗಬಹುದು. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಡಬ್ಬಿಯ ಮೇಲೆ ಅಂಥ ಮಾತಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ತೋಟದಿಂದ ಕಿತ್ತು ತರಬೇಡಿ

ಇದನ್ನು ಕೊಡಗಿನವರಿಗೆ ವಿಶೇಷವಾಗಿ ಹೇಳಬೇಕು. ಅಡಿಕೆ ಮರದ ಬುಡದಲ್ಲಿ ಕಂದು ಬಣ್ಣದ, ಮೇಲೆ ಅರಗು ಹಚ್ಚಿದಂತೆ ಹೊಳೆಯುವ, ಅಂಚಿಗೆ ಬಿಳಿಯಾಗಿ ಮರದಷ್ಟೇ ಗಟ್ಟಿಯಾಗಿ ಬೆಳೆಯುವ ಅಣಬೆಯನ್ನು ಬೆಳೆಗಾರರು ಬಲ್ಲರು. ಅಣಬೆ ರೋಗ ಎಂದು ಮರವನ್ನೇ ಕಡಿಸುತ್ತಾರೆ. ಅದು ಗ್ಯಾನೋಡರ್ಮಾ, ರೇಶಿಯ ಕುಲದ್ದೇ. ಈ ನಂಟು ತಿಳಿದೊಡನೆ ‘ಹಾಗಾದರೆ ಇದನ್ನೇ ಕುದಿಸಿ ಕುಡಿದರಾಯಿತಲ್ಲ’ ಎನಿಸುವುದು ಸಹಜ. ಬೇಡ. ಒಂದೇ ಕುಲದಲ್ಲಿ ಹತ್ತಾರು ಜಾತಿಗಳಿವೆ, ನೋಟಕ್ಕೆ ಒಂದರಂತೆ ಇನ್ನೊಂದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಣಬೆ ತಾನು ಬೆಳೆದ ನೆಲೆಯಿಂದ ಲೋಹಗಳನ್ನು ಹೀರಿಟ್ಟುಕೊಳ್ಳುತ್ತದೆ. ಅಡಿಕೆಗೆ, ಕರಿಮೆಣಸಿಗೆ, ಕಾಫಿಗೆ ವರ್ಷವರ್ಷವೂ ತಾಮ್ರದ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟವದು.

ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯನ್ನೂ ಚಿಕಿತ್ಸೆ ಮುಗಿಯುವವರೆಗೆ ರೋಗಿಗೆ ಬಡಿಸದಿರುವುದೇ ಒಳ್ಳೆಯದು. ಗುರುತು ತಪ್ಪಿ ವಾಂತಿ-ಭೇದಿಯಾದರೆ ಕೀಮೋದಿಂದ ಸೋತ ದೇಹ ಅದನ್ನು ತಾಳಲಾರದು. ಅಣಬೆ ತಿನ್ನುವ ಆಸೆಯಾದರೆ ಅಂಗಡಿಯ ಚಿಪ್ಪು ಅಣಬೆಯನ್ನು ಚೆನ್ನಾಗಿ ಬೇಯಿಸಿ ಕೊಡಿ.

ಡಬ್ಬಿಯ ಚೀಟಿ ಓದುವುದು

ಡಬ್ಬಿಯ ಹಿಂಬದಿ ತಿರುಗಿಸಿ. ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ ಇದೆಯೇ ನೋಡಿ. ಅದು ಆಹಾರ ವಸ್ತುವಿನ ಪರವಾನಗಿ. ಕ್ಯಾನ್ಸರಿಗೆ ಔಷಧಿ ಎಂಬ ಮುದ್ರೆಯಲ್ಲ. ಮುಂದೆ, ಅಣಬೆಯ ಮುಖ್ಯ ಸತ್ವವೆನ್ನಲಾದ ಬೀಟಾ ಗ್ಲೂಕಾನ್ ಶೇಕಡಾ ಎಷ್ಟೆಂದು ಬರೆದಿದ್ದಾರೆಯೇ ಹುಡುಕಿ. ಬರೀ ‘ಪಾಲಿಸ್ಯಾಕರೈಡ್’ (ಬೀಟಾ ಗ್ಲೂಕಾನ್, ಪಿಷ್ಟ ಎಲ್ಲ ಸೇರಿದ ಗುಂಪಿನ ಹೆಸರು) ಎಂದು ದೊಡ್ಡ ಅಂಕಿ ಹಾಕಿದ್ದರೆ ಮೋಸಹೋಗಬೇಡಿ. ಧಾನ್ಯದ ಮೇಲೆ ಬೆಳೆಸಿದ ಅಣಬೆಯ ಬೇರಿನಂಥ ಎಳೆಗಳನ್ನು ಧಾನ್ಯದ ಸಮೇತ ಪುಡಿಮಾಡಿದರೆ ಅದರ ಪಿಷ್ಟವೂ ಆ ಲೆಕ್ಕದೊಳಗೆ ಸೇರಿಬಿಡುತ್ತದೆ. ಬಿಸಿನೀರಿನಲ್ಲಿ ತೆಗೆದ ಸಾರವೋ, ಒಣಗಿಸಿದ ಪುಡಿಯೋ ಎಂಬುದೂ ಮುಖ್ಯ. ಅಣಬೆಯ ಗಟ್ಟಿ ಕೋಶಭಿತ್ತಿ ಬರಿಯ ಪುಡಿಯಲ್ಲಿ ಸುಲಭವಾಗಿ ಜೀರ್ಣವಾಗುವುದಿಲ್ಲ. ಸೀಸ, ಪಾದರಸ, ಆರ್ಸೆನಿಕ್ ಪರೀಕ್ಷೆಯ ವರದಿಯನ್ನು ಕಂಪನಿಯಿಂದ ಕೇಳಿ ಪಡೆಯಿರಿ. ಕೊಡಲೊಪ್ಪದವರ ಮಾಲು ಕೊಳ್ಳಬೇಡಿ.

ವೈದ್ಯರನ್ನು ಕೇಳುವ ಬಗೆ

ಚೀಟಿಯ ನಾಲ್ಕೂ ಬದಿಯ ಫೋಟೋ ಮೊಬೈಲಿನಲ್ಲಿರಲಿ. ‘ಡಾಕ್ಟರೇ, ಅಣಬೆ ಮಾತ್ರೆ ತೆಗೆದುಕೊಳ್ಳಬಹುದೇ?’ ಎಂದಷ್ಟೇ ಕೇಳಿದರೆ ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ‘ಬೇಡ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಹೀಗೆ ಕೇಳಿ: ‘ನನ್ನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎಷ್ಟಿದೆ? ಯಕೃತ್ತು, ಕಿಡ್ನಿ ಪರೀಕ್ಷೆ ಹೇಗಿದೆ? ಈಗಿನ ಔಷಧಿಯ ಜೊತೆ ಇದು ಹೊಂದುತ್ತದೆಯೇ?’

ಈ ಪ್ರಶ್ನೆಗಳಿಗೆ ಕಾರಣವಿದೆ. ರೇಶಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರಿಗೆ, ಕೀಮೋದಿಂದ ಪ್ಲೇಟ್‌ಲೆಟ್ ಇಳಿದವರಿಗೆ ಅಪಾಯ. ರೇಶಿ ಪುಡಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಚಾಗಾದಲ್ಲಿ, ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ಎಂಬ ಅಂಶ ಬಹಳ. ಅದರಿಂದ ಕಿಡ್ನಿ ಕೆಟ್ಟವರಿದ್ದಾರೆ. ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಿಯೂ ಕಿಡ್ನಿಯನ್ನೇ ಕಾಡುತ್ತದೆ, ಆದ್ದರಿಂದ ಅದರ ಜೊತೆ ಚಾಗಾ ಸಲ್ಲದು. ಮೈಟಾಕೆ ಎಂಬ ಇನ್ನೊಂದು ಅಣಬೆ ಮತ್ತು ರೇಶಿ ರಕ್ತದ ಸಕ್ಕರೆಯನ್ನು ಇಳಿಸಬಹುದು, ಮಧುಮೇಹದ ಮಾತ್ರೆಯವರು ಗಮನಿಸಿ. ಇಮ್ಯುನೊಥೆರಪಿ (ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ) ಪಡೆಯುತ್ತಿರುವವರು, ಅಸ್ಥಿಮಜ್ಜೆ ಕಸಿಯಾದವರು ರೋಗನಿರೋಧಕ ಶಕ್ತಿಯನ್ನು ಕೆಣಕುವ ಯಾವುದನ್ನೂ ತಮ್ಮಷ್ಟಕ್ಕೆ ಶುರುಮಾಡಲೇಬಾರದು.

ಒಪ್ಪಿಗೆ ಸಿಕ್ಕ ಮೇಲೆ

ಕೀಮೋ ಆರಂಭವಾಗುವ ವಾರದಲ್ಲೇ ಅಣಬೆಯನ್ನೂ ಶುರುಮಾಡಬೇಡಿ. ಮೈ ತುರಿಸಿದರೆ, ಭೇದಿಯಾದರೆ ಯಾವುದರಿಂದ ಎಂದು ವೈದ್ಯರಿಗೂ ತಿಳಿಯದು. ಒಂದು ಅಣಬೆ, ಕನಿಷ್ಠ ಪ್ರಮಾಣ, ಹೊಸ ರಕ್ತಪರೀಕ್ಷೆಯ ನಂತರ. ಐದಾರು ಬಗೆ ಬೆರೆಸಿದ ಮಿಶ್ರಣಗಳನ್ನು ತೆಗೆದುಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ. ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ಪ್ರಮಾಣ, ಊಟ, ನಿದ್ದೆ, ತೊಂದರೆ ಬರೆಯುತ್ತಾ ಬನ್ನಿ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅರಿವಳಿಕೆ ಕೊಡುವ ವೈದ್ಯರಿಗೂ ತಿಳಿಸಿ.

ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಒಸಡಿನಲ್ಲಿ ರಕ್ತ ಕಂಡರೆ ಸಾರವನ್ನು ಅಂದೇ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ, ಮಳೆಯಿದ್ದರೂ ಆಸ್ಪತ್ರೆಗೆ ಹೊರಡಬೇಕು. ಆಷಾಢದ ಮಳೆಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವ ಊರಿನವರು ಚಿಕಿತ್ಸೆಯ ಆ ತಿಂಗಳುಗಳಲ್ಲಿ ಮಡಿಕೇರಿ ಅಥವಾ ಕುಶಾಲನಗರದ ನೆಂಟರ ಮನೆಯಲ್ಲಿ ಉಳಿಯಲು ಮೊದಲೇ ಏರ್ಪಾಡು ಮಾಡಿಕೊಳ್ಳಿ.