ಗ್ಯಾಂಬಿಯಾ ನೋಡುವುದು ಹೇಗೆ: ಕಡಲ ದಡದಲ್ಲಿ ಕಡಿಮೆ, ನದಿಯ ಜಾಡಿನಲ್ಲಿ ಹೆಚ್ಚು

ಪಾವಗಡದವರಿಗೆ ಗ್ಯಾಂಬಿಯಾದ ಭೂಪಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಜಿಲ್ಲೆಯ ಉಳಿದ ಭಾಗದಿಂದ ಬೇರೆಯಾಗಿ ನಿಂತಿದೆ. ಮೂರು ಕಡೆ ಆಂಧ್ರ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾಕ್ಕೂ ಮೂರು ಕಡೆ ಸೆನೆಗಲ್, ನಾಲ್ಕನೆಯ ಕಡೆ ಅಟ್ಲಾಂಟಿಕ್ ಸಾಗರ. ದೇಶವೆಂದರೆ ಒಂದು ನದಿ ಮತ್ತು ಅದರ ಎರಡು ದಡ, ಅಷ್ಟೇ. ಅಗಲ ಎಲ್ಲಿಯೂ 50 ಕಿಲೋಮೀಟರ್ ಮುಟ್ಟುವುದಿಲ್ಲ. ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯದು 10,597. ಜನಸಂಖ್ಯೆ ಸುಮಾರು 24 ಲಕ್ಷ. 2011ರ ಗಣತಿಯಲ್ಲಿ ನಮ್ಮ ಜಿಲ್ಲೆಯದು 26 ಲಕ್ಷ ದಾಟಿತ್ತು. ಅಲ್ಲಿನ ರೈತನ ಮುಖ್ಯ ಹಣದ ಬೆಳೆ ಯಾವುದು ಗೊತ್ತೇ? ಕಡಲೆಕಾಯಿ.

ಇಷ್ಟು ತಿಳಿದ ಮೇಲೆ ನನಗೂ ನನ್ನ ಹೆಂಡತಿಗೂ ಹೋಗದೆ ಇರಲಾಗಲಿಲ್ಲ. ಹೋಗಿ ಬಂದೆವು. ನಾವು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪ್ರವಾಸದ ಏಜೆಂಟ್ ಹತ್ತು ದಿನಗಳಲ್ಲಿ ಆರನ್ನು ಕಡಲ ದಡದ ಹೋಟೆಲಿಗೆ ಕೊಟ್ಟಿದ್ದರು, ನಾವು ಒಪ್ಪಿಕೊಂಡೆವು. ಕಡಲು ಚೆನ್ನಾಗಿಯೇ ಇದೆ, ಆದರೆ ಗ್ಯಾಂಬಿಯಾ ಇರುವುದು ನದಿಯ ಮೇಲ್ಭಾಗದಲ್ಲಿ. ನೀವು ಯೋಜನೆ ಹಾಕುವಾಗ ಈ ಲೆಕ್ಕವನ್ನು ತಿರುಗಿಸಿ ಹಾಕಿ.

ಮೊದಲು ಸೂಜಿ, ಆಮೇಲೆ ಟಿಕೆಟ್

ಪಾಸ್‌ಪೋರ್ಟ್ ಇಲ್ಲದವರಿಗೆ ತುಮಕೂರಿನ ಅಂಚೆ ಕಚೇರಿಯಲ್ಲಿಯೇ ಸೇವಾ ಕೇಂದ್ರವಿದೆ. ಇರುವವರು ಅದರ ಅವಧಿ ಪ್ರವಾಸದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿದೆಯೇ ನೋಡಿಕೊಳ್ಳಿ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನವೇ ದೆಹಲಿಯಲ್ಲಿರುವ ಗ್ಯಾಂಬಿಯಾ ಹೈಕಮಿಷನ್‌ಗೆ ಬರೆದು ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ. ಏಜೆಂಟರ ಬಾಯಿಮಾತು ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಡೆಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಇದನ್ನು ನಮ್ಮ ಊರಿನ ಆಸ್ಪತ್ರೆಗಳಲ್ಲಿ ಹಾಕುವುದಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಬೆಂಗಳೂರಿಗೆ ಹೋಗಬೇಕು, ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳಬೇಕು, ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಆ ಹಳದಿ ಪುಸ್ತಿಕೆಗೆ ಬೆಲೆ; ಆಮೇಲೆ ಅದು ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರು ಮತ್ತು ಮೊಟ್ಟೆಯ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಪುಸ್ತಿಕೆ ಇಲ್ಲದೆ ಮರಳಿ ಬಂದರೆ ನಮ್ಮ ಸರ್ಕಾರವೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ತಡೆಯುವ ಮಾತ್ರೆಯನ್ನೂ ಅದೇ ವೈದ್ಯರಿಂದ ಬರೆಸಿಕೊಳ್ಳಿ. ಈ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಅಲ್ಲಿ ಮಲೇರಿಯಾ ನಿಜವಾಗಿಯೂ ಕೊಲ್ಲುತ್ತದೆ.

ಕಾಲ: ನವೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆ. ನಮ್ಮ ಕಡೆ ಕಡಲೆಕಾಯಿ ಕಿತ್ತು, ಬಿಡಿಸಿ, ಒಣಗಿಸಿ ಮಾರಿದ ಮೇಲೆ ಹೊರಟರೆ ಅಲ್ಲಿನ ಸುಗ್ಗಿಯೂ ಕಣ್ಣಿಗೆ ಬೀಳುತ್ತದೆ, ಯುರೋಪಿನ ಚಳಿಗೆ ಓಡಿಬಂದ ಹಕ್ಕಿಗಳೂ ಸಿಗುತ್ತವೆ.

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಅಡಿಸ್ ಅಬಾಬಾ, ಇಸ್ತಾಂಬುಲ್, ಕಾಸಾಬ್ಲಾಂಕಾ, ಡಾಕರ್ ಇವುಗಳಲ್ಲಿ ಒಂದೆರಡು ಕಡೆ ಇಳಿದು ಹತ್ತಬೇಕು. ಡಾಕರಿನಲ್ಲಿ ರಾತ್ರಿ ಕಳೆಯುವ ಟಿಕೆಟ್ ಅಗ್ಗವೆಂದು ಕೊಂಡರೆ ಸೆನೆಗಲ್ ವೀಸಾದ ಪ್ರಶ್ನೆ ಎದುರಾಗುತ್ತದೆ, ಎಚ್ಚರ. ಗಡಿಯಾರವನ್ನು ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ. ಅಲ್ಲಿನ ಹಣ ದಲಾಸಿ. ಯೂರೋ, ಪೌಂಡ್ ಅಥವಾ ಡಾಲರ್ ನೋಟುಗಳನ್ನು ಒಯ್ದು ಕಡಲ ದಡದ ಊರುಗಳಲ್ಲಿಯೇ ಬದಲಿಸಿಕೊಳ್ಳಿ. ನದಿಯ ಮೇಲ್ಭಾಗದಲ್ಲಿ ಕಾರ್ಡನ್ನು ನಂಬಿಕೊಂಡು ಹೋಗಬೇಡಿ.

ಕಡಲ ದಡ: ಎರಡು ದಿನ ಸಾಕು

ಬಕಾವು ಎಂಬಲ್ಲಿ ಕಚಿಕಲ್ಲಿ ಮೊಸಳೆ ಕೊಳವಿದೆ. ಹೆಸರು ಕೇಳಿದರೆ ನಮ್ಮ ಪಕ್ಕದ ಊರಿನಂತಿದೆ! ಮಕ್ಕಳಾಗಲೆಂದು ಹರಕೆ ಹೊತ್ತ ಹೆಂಗಸರು ಅಲ್ಲಿಗೆ ಬಂದು ಕೊಳದ ನೀರಿನಿಂದ ಮೀಯುತ್ತಾರೆ. ಅದು ಪವಿತ್ರ ಜಾಗ. ದೇವರ ಕಲ್ಯಾಣಿಯ ಮುಂದೆ ನಿಂತಂತೆ ನಿಲ್ಲಬೇಕು.

ಅಬುಕೊ ಕಾಡನ್ನು 1968ರಲ್ಲಿ ಕಾಯ್ದಿಟ್ಟರು. ಸುಮಾರು ನೂರು ಹೆಕ್ಟೇರ್ ಅಷ್ಟೇ, ಆದರೆ ಹಸಿರು ಮಂಗ, ಕೆಂಪು ಕೊಲೊಬಸ್ ಮಂಗ, ಹಕ್ಕಿಗಳು ಎಲ್ಲವೂ ಆ ನೆರಳಿನಲ್ಲಿವೆ. ಬೆಳಗ್ಗೆ ಬೇಗ ಹೋಗಿ. ಬಿಜಿಲೊ ಕಾಡಿನ ದಾರಿಯಲ್ಲಿ ಮಂಗಗಳಿಗೆ ಕಡಲೆಕಾಯಿ ಹಾಕುವ ಪ್ರವಾಸಿಗಳನ್ನು ಕಾಣುತ್ತೀರಿ. ನೀವು ಹಾಕಬೇಡಿ. ದೇವರಾಯನದುರ್ಗದಲ್ಲಿ ಕೈಯಲ್ಲಿನ ಚೀಲ ಕಿತ್ತುಕೊಳ್ಳುವ ಕೋತಿಗಳನ್ನು ಹಾಗೆ ಮಾಡಿದ್ದು ನಾವೇ ಅಲ್ಲವೇ?

ಸಂಜೆಗೆ ತಂಜಿ ಎಂಬ ಮೀನುಗಾರರ ಊರು. ಬಣ್ಣ ಬಳಿದ ಉದ್ದನೆಯ ದೋಣಿಗಳು ಅಲೆಯಾಚೆ ನಿಲ್ಲುತ್ತವೆ. ಎದೆಮಟ್ಟದ ನೀರಿನಲ್ಲಿ ನಡೆದು, ತಲೆಯ ಮೇಲೆ ಮೀನು ತುಂಬಿದ ಬೋಗುಣಿ ಹೊತ್ತು ಜನ ದಡಕ್ಕೆ ಬರುತ್ತಾರೆ. ಒಂದು ಹನಿಯೂ ಮುಖದ ಮೇಲೆ ಇಳಿಯದ ಹಾಗೆ ಕತ್ತು ನೆಟ್ಟಗಿರುತ್ತದೆ. ಫೋಟೊ ತೆಗೆಯುವ ಮುನ್ನ ಕೇಳಿ. ಬೇಡವೆಂದರೆ ಬೇಡ.

ಹಕ್ಕಿ ನೋಡುವ ಆಸೆಯಿದ್ದರೆ ಒಂದು ದುರ್ಬೀನು ಕೊಂಡು, ಹೊರಡುವ ಮುನ್ನ ಶಿರಾ ಬಳಿಯ ಕಗ್ಗಲಡುವಿನ ಹುಣಸೆ ಮರಗಳ ಕೆಳಗೆ ನಿಂತು ಕೈ ಪಳಗಿಸಿಕೊಳ್ಳಿ. ಗ್ಯಾಂಬಿಯಾದಲ್ಲಿ 500ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ಬಂಧು ಅಲ್ಲಿ ಉದ್ದ ಬಾಲದೊಂದಿಗೆ ತಂತಿಯ ಮೇಲೆ ಕೂರುತ್ತದೆ. ಆದರೆ ನನ್ನ ಎದೆ ತುಂಬಿಸಿದ್ದು ರಣಹದ್ದುಗಳು. ಚಿಕ್ಕಂದಿನಲ್ಲಿ ಊರ ಹೊರಗೆ ಸತ್ತ ದನದ ಸುತ್ತ ಅವು ಇಳಿಯುವುದನ್ನು ಕಂಡವನು ನಾನು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ನಮ್ಮಲ್ಲಿ ಅವುಗಳನ್ನು ಮುಗಿಸಿತು. 2006ರಲ್ಲಿ ಆ ಔಷಧಿಯನ್ನು ನಿಷೇಧಿಸುವ ಹೊತ್ತಿಗೆ ನಮ್ಮ ಆಕಾಶ ಖಾಲಿಯಾಗಿತ್ತು. ಅಲ್ಲಿನ ಟೊಪ್ಪಿಗೆ ರಣಹದ್ದೂ ಪ್ರಪಂಚದಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಯೇ. ಆದರೂ ಹೋಟೆಲಿನ ಮಾಡಿನ ಮೇಲೆ ಏಳೆಂಟು ಸಾಲಾಗಿ ಕೂತಿದ್ದವು. ನಾನು ಕಾಫಿ ಆರಿದ್ದೂ ಗೊತ್ತಾಗದೆ ನೋಡುತ್ತಿದ್ದೆ.

ಮೂರನೆಯ ದಿನ: ಕುಂಟಾ ಕಿಂಟೆ ದ್ವೀಪ

ರಾಜಧಾನಿ ಬಾಂಜುಲ್ 1973ರವರೆಗೆ ಬಾಥರ್ಸ್ಟ್ ಎನಿಸಿಕೊಂಡಿತ್ತು. 1816ರಲ್ಲಿ ಬ್ರಿಟಿಷರು ನದಿಯ ಬಾಯಿಯಲ್ಲಿ ಕಟ್ಟಿದ ಊರು ಅದು. ಅಲ್ಲಿಂದ ಆಚೆ ದಡದ ಬಾರಾಕ್ಕೆ ದೊಡ್ಡ ದೋಣಿ ಹೋಗುತ್ತದೆ. ಸಾಲು ಉದ್ದವಿರುತ್ತದೆ, ಬೆಳಗಿನ ಮೊದಲ ದೋಣಿಗೇ ಹೋಗಿ. ಬಾರಾದಿಂದ ಅಲ್ಬ್ರೆಡಾ, ಜುಫುರೆ ಎಂಬ ಹಳ್ಳಿಗಳು. ಅವುಗಳ ಎದುರಿಗೆ ನದಿಯ ನಡುವೆ ದ್ವೀಪ.

1651ರಲ್ಲಿ ಇಂದಿನ ಲಾಟ್ವಿಯಾ ಭಾಗದ ಕೂರ್ಲೆಂಡಿನವರು ಇಲ್ಲಿ ಕೋಟೆ ಕಟ್ಟಿದರು, 1661ರಲ್ಲಿ ಇಂಗ್ಲಿಷರು ಕಿತ್ತುಕೊಂಡರು. ನಂತರ ಒಂದೂವರೆ ಶತಮಾನ ಇಲ್ಲಿಂದ ಮನುಷ್ಯರನ್ನು ಸಾಗಿಸಿದರು. ಜುಫುರೆಯಿಂದ 1767ರಲ್ಲಿ ಸೆರೆಹೋದನೆಂದು ಜನ ನಂಬುವ ಕುಂಟಾ ಕಿಂಟೆಯ ಹೆಸರನ್ನು 2011ರಲ್ಲಿ ದ್ವೀಪಕ್ಕೆ ಇಟ್ಟರು. 1807ರಲ್ಲಿ ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಬಾಂಜುಲ್‌ನಲ್ಲಿಯೂ ಬಾರಾದಲ್ಲಿಯೂ ಫಿರಂಗಿಗಳನ್ನು ನಿಲ್ಲಿಸಿದ್ದು ಅದೇ ವ್ಯಾಪಾರವನ್ನು ತಡೆಯಲಿಕ್ಕೆ. ಒಂದೇ ನದಿಯ ದಡದಲ್ಲಿ ಗುಲಾಮಗಿರಿಯ ಶುರುವೂ ಕೊನೆಯೂ ಕಾಣುತ್ತದೆಂದೇ 2003ರಲ್ಲಿ ಯುನೆಸ್ಕೊ ಈ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದ್ವೀಪ ತುಂಬ ಚಿಕ್ಕದು, ನದಿ ಅದನ್ನು ಕೊರೆಯುತ್ತಲೇ ಇದೆ. ಮುರಿದ ಗೋಡೆಗಳು, ಕೆಲವು ಬವೋಬಾಬ್ ಮರಗಳು, ನೀರಿನ ಸದ್ದು. ಅರ್ಧ ಗಂಟೆಯಲ್ಲಿ ಸುತ್ತಿ ಬರಬಹುದು. ಆದರೆ ಅರ್ಧ ದಿನ ಇಟ್ಟುಕೊಳ್ಳಿ. ನಮ್ಮ ಜೊತೆ ದೋಣಿಯಲ್ಲಿ ಅಮೆರಿಕದಿಂದ ಬಂದಿದ್ದ ಒಬ್ಬ ಕಪ್ಪು ಅಜ್ಜಿ ಇದ್ದರು. ಇಳಿದವರೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. ನನ್ನ ಹೆಂಡತಿಯೂ ಕಳಚಿದಳು.

ಹಳ್ಳಿಗೆ ಕಾಲಿಟ್ಟಾಗ ಮೊದಲು ಅಲ್ಕಾಲೊ, ಅಂದರೆ ಊರ ಯಜಮಾನರನ್ನು ಕಂಡು ಮಾತನಾಡಿಸುವುದು ಮರ್ಯಾದೆ. ನಮ್ಮಲ್ಲಿ ಎಲೆ ಅಡಿಕೆ ಹೇಗೋ ಅಲ್ಲಿ ಕೋಲಾ ಬೀಜ ಹಾಗೆ. ಮದುವೆ, ನಾಮಕರಣ ಎಲ್ಲದಕ್ಕೂ ಅದೇ. ಪೇಟೆಯಲ್ಲಿ ಒಂದಿಷ್ಟು ಕೊಂಡು ಜೊತೆಯಲ್ಲಿಟ್ಟುಕೊಳ್ಳಿ, ಬಲಗೈಯಿಂದ ಕೊಡಿ. ವೊಲೊಫ್ ಭಾಷೆಯಲ್ಲಿ ‘ನಂಗ ದೆಫ್’ ಎಂದರೆ ಹೇಗಿದ್ದೀರಿ ಎಂದು. ಉತ್ತರ ‘ಮಾಂಗಿ ಫಿ ರೆಕ್’, ‘ಇಲ್ಲೇ ಇದ್ದೇನೆ’. ‘ಏನೋ ಇದ್ದೇನಪ್ಪ’ ಎನ್ನುವ ನಮ್ಮ ಹಿರಿಯರ ದನಿ ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಅಲ್ಲಿ ಆಡಳಿತ ಭಾಷೆಯಾದ್ದರಿಂದ ಉಳಿದ ವ್ಯವಹಾರಕ್ಕೆ ತೊಂದರೆಯಿಲ್ಲ. ಬಹುತೇಕ ಎಲ್ಲರೂ ಮುಸ್ಲಿಮರು. ಶುಕ್ರವಾರ ಮಧ್ಯಾಹ್ನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ, ಹಳ್ಳಿಗಳಲ್ಲಿ ಮೈ ತುಂಬ ಬಟ್ಟೆ ಇರಲಿ.

ನದಿಯ ಮೇಲಕ್ಕೆ

ಇಲ್ಲಿಂದ ಮುಂದಿನದಕ್ಕೆ ಕನಿಷ್ಠ ಐದು ದಿನ ಕೊಡಿ. ಪರವಾನಗಿ ಪಡೆದ ಮಾರ್ಗದರ್ಶಿಯೊಬ್ಬರನ್ನೂ ಕಾರನ್ನೂ ಕಡಲ ದಡದಲ್ಲಿಯೇ ಗೊತ್ತುಮಾಡಿಕೊಂಡು, ಊಟ, ಡೀಸೆಲ್, ದೋಣಿಯ ಬಾಡಿಗೆ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಗ್ಯಾಂಬಿಯಾ ನದಿ ಗಿನಿ ದೇಶದ ಫೂಟಾ ಜಲ್ಲೋನ್ ಬೆಟ್ಟಗಳಲ್ಲಿ ಹುಟ್ಟಿ 1,100 ಕಿಲೋಮೀಟರ್‌ಗೂ ಹೆಚ್ಚು ಹರಿದು ಬರುತ್ತದೆ. ಕೆಳಭಾಗದಲ್ಲಿ ನೀರು ಉಪ್ಪು, ದಡದ ತುಂಬ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಮೇಲೆ ಹೋದಂತೆ ನೀರು ಸಿಹಿಯಾಗುತ್ತದೆ, ಭತ್ತದ ಗದ್ದೆಗಳು ಬರುತ್ತವೆ. ಫರಾಫೆನ್ನಿ ಬಳಿ 2019ರಲ್ಲಿ ತೆರೆದ ಸೆನೆಗ್ಯಾಂಬಿಯಾ ಸೇತುವೆಯಿಂದಾಗಿ ಒಂದು ದಡದಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದು ಈಗ ಸುಲಭ.

ವಾಸ್ಸು ಎಂಬಲ್ಲಿ ಕಲ್ಲಿನ ವೃತ್ತಗಳಿವೆ. ಜಂಬಿಟ್ಟಿಗೆ ಕಲ್ಲನ್ನು ಕಬ್ಬಿಣದ ಉಳಿಯಿಂದ ಕಡೆದು ನಿಲ್ಲಿಸಿದ ಕಂಬಗಳು. ಎತ್ತರ ಸರಾಸರಿ ಎರಡು ಮೀಟರ್, ತೂಕ ಏಳು ಟನ್‌ವರೆಗೆ. ಒಂದೊಂದು ವೃತ್ತದಲ್ಲಿ 8ರಿಂದ 14. ಹತ್ತಿರದಲ್ಲಿ ಸಮಾಧಿಗಳು. ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಕ್ರಿಸ್ತಶಕ 16ನೆಯ ಶತಮಾನದವರೆಗೆ ಜನ ಇವನ್ನು ನಿಲ್ಲಿಸುತ್ತಲೇ ಬಂದರು. ಗ್ಯಾಂಬಿಯಾ ಮತ್ತು ಸೆನೆಗಲ್ ಸೇರಿ ನದಿಯ ಉದ್ದಕ್ಕೂ ಇಂತಹ ಸಾವಿರಕ್ಕೂ ಹೆಚ್ಚು ಸ್ಮಾರಕಗಳಿವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಮೋರೇರ ಮನೆಗಳನ್ನು, ಅಂದರೆ ಬಹು ಹಳೆಯ ಕಲ್ಲು ಗೋರಿಗಳನ್ನು ಕಂಡವರಿಗೆ ಇಲ್ಲಿ ಗಂಟಲು ಕಟ್ಟುತ್ತದೆ. ಸತ್ತವರಿಗಾಗಿ ಇಷ್ಟು ಭಾರ ಎತ್ತಿದ ಜನ ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದರು. ಕಂಬಗಳ ತಲೆಯ ಮೇಲೆ ಬಂದವರು ಸಣ್ಣ ಕಲ್ಲುಗಳನ್ನು ಇಟ್ಟು ಹೋಗುತ್ತಾರೆ. ಬಿಸಿಲು ಏರುವ ಮೊದಲೇ ಹೋಗಿ. ಓರೆ ಬೆಳಕಿನಲ್ಲಿ ಉಳಿಯ ಗುರುತುಗಳು ಕಾಣುತ್ತವೆ. ಸಮಯವಿದ್ದರೆ ಕೆರ್‌ಬಾಚ್‌ಗೂ ಹೋಗಿ, ಅಲ್ಲಿ ಇಬ್ಭಾಗವಾಗಿ ಕವಲೊಡೆದ ಕಲ್ಲೊಂದಿದೆ.

ಹತ್ತಿರದ ಕುಂಟಾವುರ್‌ನಿಂದ ದೋಣಿ ಹಿಡಿದರೆ ನದಿಯ ರಾಷ್ಟ್ರೀಯ ಉದ್ಯಾನ. ಸೆರೆಯಿಂದ ಬಿಡಿಸಿ ತಂದ ಚಿಂಪಾಂಜಿಗಳನ್ನು 1979ರಿಂದ ಇಲ್ಲಿನ ದ್ವೀಪಗಳಲ್ಲಿ ಸಾಕಿದ್ದಾರೆ. ದ್ವೀಪಕ್ಕೆ ಯಾರೂ ಇಳಿಯುವಂತಿಲ್ಲ, ದೋಣಿಯಿಂದಲೇ ನೋಡಬೇಕು. ಆ ನಿಯಮ ಸರಿಯಾದದ್ದು. ನೀರಾನೆಗಳೂ ಇವೆ. ದೋಣಿಯವರು ಎಂಜಿನ್ ನಿಲ್ಲಿಸಿ ಸುಮ್ಮನಿರಿ ಎಂದರೆ ಸುಮ್ಮನಿರಿ.

ರಾತ್ರಿ ಜಂಜನ್‌ಬುರೆಯಲ್ಲಿ ತಂಗಿ. ನಾವಿದ್ದ ಮನೆಯ ಅಂಗಳದಲ್ಲಿ ಬೆಳಗಾಗುವ ಮೊದಲೇ ಒಂದು ಸದ್ದು ಎಬ್ಬಿಸಿತು. ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದೇ ಒರಳಿನಲ್ಲಿ ಸಜ್ಜೆ ಕುಟ್ಟುತ್ತಿದ್ದರು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳುತ್ತಿತ್ತು. ನಡುನಡುವೆ ಒನಕೆಯನ್ನು ಗಾಳಿಯಲ್ಲಿ ಬಿಟ್ಟು, ಒಂದು ಚಪ್ಪಾಳೆ ತಟ್ಟಿ, ಮತ್ತೆ ಹಿಡಿಯುತ್ತಿದ್ದರು. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಎದ್ದು ಹೋದಳು. ಕೈಗೆ ಒನಕೆ ಕೊಟ್ಟರು. ಮೂವತ್ತು ವರ್ಷದಿಂದ ಒನಕೆ ಮುಟ್ಟದವಳು ನಾಲ್ಕನೆಯ ಏಟಿಗೆ ಲಯಕ್ಕೆ ಬಂದಳು. ಆ ಸಜ್ಜೆಯ ರವೆಯನ್ನು ಹಬೆಯಲ್ಲಿ ಬೇಯಿಸಿ ಚೆರೆ ಮಾಡುತ್ತಾರೆ.

ಊಟದ ಮಾತು: ದೊಮೊದಾ ಎಂಬ ಕಡಲೆಬೀಜದ ಗಟ್ಟಿ ಸಾರನ್ನು ಅನ್ನದ ಮೇಲೆ ಸುರಿದು ಕೊಡುತ್ತಾರೆ. ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಆದರೆ ಒಣಮೀನು ಅಥವಾ ಮಾಂಸದ ರಸವಿಲ್ಲದ ಅಡುಗೆ ಕಡಿಮೆ. ಸಸ್ಯಾಹಾರಿಗಳು ಒಲೆ ಹಚ್ಚುವ ಮೊದಲೇ ಹೇಳಿ ಮಾಡಿಸಿಕೊಳ್ಳಬೇಕು. ಹುರಿಹಿಟ್ಟು, ಚಟ್ನಿಪುಡಿ ಜೊತೆಗಿರಲಿ. ಅತಾಯ ಎಂಬ ಚಹಾಕ್ಕೆ ಕರೆದರೆ ಗಂಟೆ ನೋಡಬೇಡಿ. ಪುಟ್ಟ ಲೋಟಗಳ ನಡುವೆ ಎತ್ತಿ ಎತ್ತಿ ಸುರಿದು ನೊರೆ ಬರಿಸಿ, ಮೂರು ಸುತ್ತು ಕೊಡುತ್ತಾರೆ.

ಮರಳುವ ದಾರಿಯಲ್ಲಿ ಬ್ರಿಕಾಮಾದಲ್ಲಿ ಒಂದು ಸಂಜೆ ಉಳಿಸಿಕೊಳ್ಳಿ. ಜಲಿ ಎಂಬ ಮನೆತನಗಳು ತಲೆತಲಾಂತರದಿಂದ ಇತರರ ವಂಶಾವಳಿಯನ್ನು ನೆನಪಿನಲ್ಲಿಟ್ಟು ಹಾಡುತ್ತವೆ. ಎತ್ತಿನ ಮೇಲೆ ಬಂದು ನಮ್ಮ ಮುತ್ತಜ್ಜನ ಹೆಸರನ್ನು ಒಪ್ಪಿಸುತ್ತಿದ್ದ ಹೆಳವರೇ ಕಣ್ಣ ಮುಂದೆ ಬಂದರು. ಅವರ ವಾದ್ಯ ಕೋರಾ: ಅರ್ಧ ಸೋರೆ ಬುರುಡೆಗೆ ಚರ್ಮ ಬಿಗಿದು 21 ತಂತಿ ಕಟ್ಟಿದ್ದು. ಕೇಳಿದ ಮೇಲೆ ಕಾಣಿಕೆ ಕೊಡಿ. ಅದು ಅವರ ಕಸುಬು, ಚೌಕಾಸಿ ಬೇಡ.

ಮರಳಿದ ಮೇಲೆ

ಹಳದಿ ಪುಸ್ತಿಕೆಯನ್ನು ಪೆಟ್ಟಿಗೆಯೊಳಗೆ ಹಾಕದೆ ಕೈಚೀಲದಲ್ಲಿಟ್ಟುಕೊಳ್ಳಿ, ದೇವನಹಳ್ಳಿಯಲ್ಲಿ ಇಳಿದಾಗ ಆರೋಗ್ಯ ಕೌಂಟರಿನಲ್ಲಿ ಕೇಳುತ್ತಾರೆ. ಬಿತ್ತನೆಗೆ ಬರುವ ಯಾವ ಬೀಜವನ್ನೂ ಪರವಾನಗಿ ಇಲ್ಲದೆ ತರಬೇಡಿ. ರೋಗ, ಕೀಟ ಜೊತೆಗೆ ಬಂದರೆ ಕೆಡುವುದು ನಮ್ಮ ಹೊಲವೇ. ಜಂಜನ್‌ಬುರೆಯ ಆ ಮನೆಯವರು ಕಟ್ಟಿಕೊಟ್ಟ ಕಡಲೆಕಾಯಿಯನ್ನು ನಾವು ಬಾಂಜುಲ್ ವಿಮಾನ ನಿಲ್ದಾಣದಲ್ಲಿಯೇ ಸುಲಿದು ತಿಂದು ಮುಗಿಸಿದೆವು. ಮಲೇರಿಯಾ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ, ಮನೆಗೆ ಬಂದ ಮೇಲೂ ನುಂಗಿ. ಮುಂದಿನ ಕೆಲವು ತಿಂಗಳಲ್ಲಿ ಜ್ವರ ಬಂದರೆ ಸೀದಾ ಆಸ್ಪತ್ರೆಗೆ ಹೋಗಿ, ಆಫ್ರಿಕಾದಿಂದ ಬಂದಿದ್ದೇನೆ ಎಂದು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.