‘ಇನ್ನೆಷ್ಟು ಕಾಲ ಡಾಕ್ಟ್ರೇ?’ ಅಂತ ನಾನು ಕೇಳಿದ್ದು ಹೀಗೆ

ನನಗಿರುವುದು ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ, ಮೂಳೆಗೂ ಹರಡಿದೆ. ಗುಣ ಆಗುವುದಿಲ್ಲ, ಔಷಧಿಯಿಂದ ಹತೋಟಿಯಲ್ಲಿ ಇಡಬಹುದು ಅಷ್ಟೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎಷ್ಟು ಕಾಲ ಅನ್ನುವುದನ್ನು ಮಾತ್ರ ಅವರಾಗಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ರಕ್ತದ ರಿಪೋರ್ಟು, ವಾಂತಿ, ನಿದ್ದೆ, ಮುಂದಿನ ತಾರೀಕು, ಇಷ್ಟರಲ್ಲೇ ಪ್ರತಿ ಸಲ ಹೊತ್ತು ಮುಗಿದುಹೋಗುತ್ತಿತ್ತು.

ಕೇಳಲೇಬೇಕು ಅನ್ನಿಸಿದ್ದು ದೊಡ್ಡ ಧೈರ್ಯದಿಂದೇನಲ್ಲ. ಕೆಲಸಕ್ಕೆ ರಜೆ ಹಾಕಬೇಕೋ, ಬಿಟ್ಟೇಬಿಡಬೇಕೋ ಗೊತ್ತಾಗುತ್ತಿರಲಿಲ್ಲ. ಮಗಳ ಓದಿಗೆ ತೆಗೆದಿಟ್ಟ ದುಡ್ಡನ್ನು ಮುಟ್ಟಬಹುದೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಹಾಗಾಗಿ ಮೊದಲು ಒಂದು ಚೀಟಿಯಲ್ಲಿ ಬರೆದುಕೊಂಡೆ: ಇದು ಗೊತ್ತಾದರೆ ನಾನು ಯಾವ್ಯಾವ ನಿರ್ಧಾರ ತೆಗೆದುಕೊಳ್ಳುತ್ತೇನೆ? ಚೀಟಿ ಖಾಲಿ ಉಳಿದಿದ್ದರೆ ಕೇಳುತ್ತಿರಲಿಲ್ಲ. ತಿಳಿದುಕೊಳ್ಳದೆ ಇರುವುದೂ ರೋಗಿಯ ಹಕ್ಕೇ, ಅಲ್ವಾ.

ನಮ್ಮ ಯಜಮಾನರಿಗೆ ಅದು ಬೇಕಿರಲಿಲ್ಲ. ‘ಸುಮ್ನೆ ಯಾಕೆ ಕೇಳ್ತೀಯ, ಆಗಿದ್ದಾಗಲಿ’ ಅಂದರು. ಜಗಳ ಮಾಡಲಿಲ್ಲ. ‘ನೀವು ಹೊರಗೆ ಕೂತಿರಿ, ನಾನೊಬ್ಬಳೇ ಕೇಳಿಕೊಂಡು ಬರ್ತೀನಿ. ನಿಮಗೆ ಬೇಕು ಅನ್ನಿಸಿದಾಗ ಹೇಳ್ತೀನಿ’ ಎಂದೆ. ನರ್ಸ್‌ಗೂ ಮುಂಚೆಯೇ ಫೋನ್ ಮಾಡಿ, ಈ ಸಲ ಸ್ವಲ್ಪ ಜಾಸ್ತಿ ಮಾತಾಡುವುದಿದೆ, ಕೊನೆಯಲ್ಲಿ ಕರೆಯಿರಿ ಎಂದಿದ್ದೆ. ಇದು ಬಹಳ ಉಪಯೋಗಕ್ಕೆ ಬಂತು. ಹೊರಗೆ ಹತ್ತು ಜನ ಕಾಯುತ್ತಿರುವಾಗ ಯಾವ ಡಾಕ್ಟರೂ ಈ ಪ್ರಶ್ನೆಗೆ ಬಿಡಿಸಿ ಉತ್ತರ ಕೊಡುವುದಿಲ್ಲ.

‘ಎಷ್ಟು ಕಾಲ?’ ಅಂತ ಕೇಳಿದೆ. ‘ಹೇಳೋಕಾಗಲ್ಲಮ್ಮ, ಒಬ್ಬೊಬ್ಬರಿಗೆ ಒಂದೊಂದು ಥರ’ ಅಂದರು. ಬರುವ ಉತ್ತರ ಇದೇ ಎಂದು ಗೊತ್ತಿತ್ತು, ಅದಕ್ಕೇ ಎರಡನೇ ಪ್ರಶ್ನೆ ತಯಾರಿಟ್ಟುಕೊಂಡಿದ್ದೆ. ‘ತಾರೀಕು ಬೇಡ ಡಾಕ್ಟ್ರೇ. ನನ್ನಂಥವರೇ ನೂರು ಜನ ಇದ್ದಾರೆ ಅಂದ್ಕೊಳ್ಳಿ. ಬೇಗ ಹೋಗೋ ಹತ್ತು ಜನಕ್ಕೆ ಎಷ್ಟು, ಜಾಸ್ತಿ ಬದುಕೋ ಹತ್ತು ಜನಕ್ಕೆ ಎಷ್ಟು, ನಡುವೆ ಇರೋರಿಗೆ ಎಷ್ಟು?’

ಅವರು ಕಂಪ್ಯೂಟರಿನಿಂದ ಕೈ ತೆಗೆದರು. ಹಳೇ ರಿಪೋರ್ಟಿನ ಹಿಂದುಗಡೆ ಮೇಲಿಂದ ಕೆಳಕ್ಕೆ ಇಳಿಯುವ ಒಂದು ಗೆರೆ ಎಳೆದರು. ಗೆರೆಯ ಎತ್ತರ ಅಂದರೆ ಇನ್ನೂ ಬದುಕಿರುವವರು ಎಷ್ಟು ಜನ ಅಂತ, ಎಡದಿಂದ ಬಲಕ್ಕೆ ಕಾಲ. ಶುರುವಿನಲ್ಲಿ ಕಡಿದಾಗಿ ಇಳಿದ ಗೆರೆ ಬಲಗಡೆಗೆ ಹೋಗುತ್ತಾ ಹೋಗುತ್ತಾ ನೆಲಕ್ಕೆ ತಾಗದೆ ಉದ್ದಕ್ಕೆ ಚಾಚಿಕೊಂಡಿತ್ತು. ಅರ್ಧದಷ್ಟು ಜನ ತೀರಿಕೊಂಡಿರುವ ಜಾಗಕ್ಕೆ ಒಂದು ಗುರುತು ಹಾಕಿದರು. ಇಂಟರ್ನೆಟ್ಟಿನಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ಇದೇ ಮಧ್ಯದ ಗುರುತು. ಅದು ಗಡುವು ಅಲ್ಲ, ಉಳಿದ ಅರ್ಧ ಜನ ಅದನ್ನು ದಾಟಿದವರು.

ಅವರು ವಿವರಿಸಿದ ಲೆಕ್ಕ ಸರಳ. ಮಧ್ಯದ ಅಂಕಿ 12 ತಿಂಗಳು ಎಂದಿಟ್ಟುಕೊಳ್ಳಿ. ಸುಮಾರು ಅರ್ಧದಷ್ಟು ಜನ ಅದರ ಅರ್ಧದಿಂದ ಎರಡು ಪಟ್ಟಿನ ನಡುವೆ, ಅಂದರೆ 6ರಿಂದ 24 ತಿಂಗಳ ಒಳಗೆ ಬರುತ್ತಾರೆ. ತೀರಾ ಬೇಗ ಹೋಗುವ ಹತ್ತರಲ್ಲೊಬ್ಬರಿಗೆ ಕಾಲುಭಾಗ, ಅಂದರೆ 3 ತಿಂಗಳು ಅಥವಾ ಅದಕ್ಕೂ ಕಡಿಮೆ. ಹೆಚ್ಚು ಬದುಕುವ ಹತ್ತರಲ್ಲೊಬ್ಬರಿಗೆ ಮೂರು ಪಟ್ಟು ಅಥವಾ ಇನ್ನೂ ಜಾಸ್ತಿ, ಅಂದರೆ 3 ವರ್ಷ ದಾಟುತ್ತದೆ. ಮುಂದುವರಿದ ಕ್ಯಾನ್ಸರಿನ ಹಲವು ಬಗೆಗಳಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದಂತೆ. ನನ್ನ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಆಮೇಲೆ ಕೇಳಿದ್ದು, ಈ ಗೆರೆಯಲ್ಲಿ ನಾನು ಯಾವ ಕಡೆ ವಾಲಬಹುದು ಅಂತ. ಹಗಲಿನ ಎಷ್ಟು ಹೊತ್ತು ಹಾಸಿಗೆಯಲ್ಲಿ ಕಳೆಯುತ್ತೀನಿ, ತೂಕ ಇಳಿಯುತ್ತಿದೆಯಾ, ನನ್ನ ಕೆಲಸ ನಾನೇ ಮಾಡಿಕೊಳ್ಳುತ್ತೀನಾ, ಗಡ್ಡೆಯಲ್ಲಿ ಮಾತ್ರೆಗೆ ಬಗ್ಗುವ ಇಜಿಎಫ್‌ಆರ್, ಎಎಲ್‌ಕೆ ಥರದ ಜೀನ್ ಬದಲಾವಣೆ ಇದೆಯಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ ಎಂದರು. ಐದು ವರ್ಷದ ಬದುಕುಳಿಯುವ ಪ್ರಮಾಣ ಅಂತ ಓದುತ್ತೀವಲ್ಲ, ಅದು ಎಷ್ಟೋ ವರ್ಷಗಳ ಹಿಂದೆ ಕಾಯಿಲೆ ಪತ್ತೆಯಾದವರ ಲೆಕ್ಕ. ಈಚೆಗೆ ಬಂದ ಔಷಧಿಗಳ ಫಲ ಅದರಲ್ಲಿ ಪೂರ್ತಿ ಕಾಣಿಸುವುದಿಲ್ಲ.

ನೆಂಟರು ಆಗಾಗ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಕಥೆ ಕಳಿಸುತ್ತಾರೆ. ಅವರಿಗೆ 1982ರಲ್ಲಿ ಹೊಟ್ಟೆಯ ಮೀಸೋಥೀಲಿಯೋಮಾ, ಅಂದರೆ ಹೊಟ್ಟೆಯ ಒಳಪೊರೆಯ ಕ್ಯಾನ್ಸರ್ ಬಂತು, ಮಧ್ಯದ ಅಂಕಿ 8 ತಿಂಗಳು, ಅವರು ಬದುಕಿದ್ದು 20 ವರ್ಷ. ನಿಜ, ಸಂತೋಷ. ಆದರೆ 8 ತಿಂಗಳೊಳಗೆ ಹೋದವರ ಕಥೆಯನ್ನು ಯಾರೂ ಕಳಿಸುವುದಿಲ್ಲ. ನಾನು ಎರಡೂ ತುದಿ ನೋಡಿ ದುಡ್ಡಿನ ಲೆಕ್ಕ ಹಾಕಿದೆ. ಉಯಿಲು, ಬ್ಯಾಂಕಿನ ನಾಮಿನಿ, ಪಾಸ್‌ವರ್ಡು ಬರೆದಿಡುವುದು ಇಂಥವಕ್ಕೆಲ್ಲ ಕೆಟ್ಟ ತುದಿ. ಮಗಳ ಓದಿನ ದುಡ್ಡಿಗೆ ಒಳ್ಳೇ ತುದಿ, ಯಾಕೆಂದರೆ ಜಾಸ್ತಿ ಕಾಲ ಬದುಕಿದರೆ ಖರ್ಚೂ ಜಾಸ್ತಿ.

ಇನ್ನೊಂದು ವಿಷಯ. ಡಾಕ್ಟರುಗಳು ಸಾಮಾನ್ಯವಾಗಿ ಕಾಲವನ್ನು ಹಿಗ್ಗಿಸಿಯೇ ಹೇಳುತ್ತಾರೆ. 2000ದಲ್ಲಿ ಪ್ರಕಟವಾದ ಷಿಕಾಗೋದ ಒಂದು ಅಧ್ಯಯನದಲ್ಲಿ, ಕೊನೆಯ ಹಂತದ 468 ರೋಗಿಗಳ ಬಗ್ಗೆ ಡಾಕ್ಟರುಗಳು ಮಾಡಿದ ಅಂದಾಜಿನಲ್ಲಿ 63% ಅತಿ ಆಶಾವಾದದ್ದು, ಸರಿಸುಮಾರು ಹೊಂದಿದ್ದು 20% ಮಾತ್ರ. ರೋಗಿಯ ಜೊತೆ ಪರಿಚಯ ಹಳೆಯದಾದಷ್ಟೂ ಅಂದಾಜು ಹೆಚ್ಚು ತಪ್ಪಿತ್ತು. ಇದನ್ನು ಓದಿ ಪ್ಯಾಲಿಯೇಟಿವ್ ಕೇರ್ ಡಾಕ್ಟರನ್ನೂ, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆ ನೋಡಿಕೊಳ್ಳುವ ಡಾಕ್ಟರನ್ನೂ, ಅದೇ ಪ್ರಶ್ನೆ ಕೇಳಿದೆ. ಪ್ಯಾಲಿಯೇಟಿವ್ ಅಂದರೆ ಕೈಬಿಟ್ಟರು ಅಂತ ಹೆದರುವವರು ಬಹಳ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದು ಶುರುವಿನಿಂದಲೇ ಅದನ್ನು ಪಡೆದವರ ಮಧ್ಯದ ಅಂಕಿ 11.6 ತಿಂಗಳು, ಪಡೆಯದವರದು 8.9.

ಆ ಡಾಕ್ಟರು ಅಂಕಿಗಿಂತ ಉಪಯೋಗದ ಮಾತು ಹೇಳಿದರು. ದೇಹ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ ತಿಂಗಳುಗಳ ಲೆಕ್ಕ, ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ವಾರಗಳ ಲೆಕ್ಕ, ದಿನದಿಂದ ದಿನಕ್ಕೆ ಆದರೆ ದಿನಗಳದ್ದು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಯಜಮಾನರು ಆ ದಿನ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಸ್ವಲ್ಪ ದಿನ ಆದಮೇಲೆ, ಇಬ್ಬರೇ ಇದ್ದಾಗ, ‘ಒಳ್ಳೇದಾದ್ರೆ ಎಷ್ಟಂತೆ?’ ಅಂದರು. ಅದನ್ನಷ್ಟೇ ಹೇಳಿದೆ. ಉಳಿದ ಅರ್ಧವನ್ನು ಅವರು ಇನ್ನೂ ಕೇಳಿಲ್ಲ. ಮುಂದಿನ ಸ್ಕ್ಯಾನ್ ಆದಮೇಲೆ ಇಬ್ಬರು ಡಾಕ್ಟರನ್ನೂ ಮತ್ತೆ ಕೇಳುತ್ತೇನೆ, ಯಾಕೆಂದರೆ ಚಿಕಿತ್ಸೆ ಬದಲಾದರೆ ಗೆರೆಯೂ ಬದಲಾಗುತ್ತದೆ.